ಸಿಲ್ವರ್ ಬೇರಿನೊಳಗಿದ್ದ ಹಿತ್ತಾಳೆ ಡಬ್ಬಿ

ಇಂಥ ಅನುಭವಗಳನ್ನು ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ. ಬಣಕಲ್ಲಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಯಾರಾದರೂ ದೆವ್ವದ ಕಥೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ಇದರಲ್ಲಿ ದೆವ್ವ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಸಿಗೆಯಂತೂ ಇದೆ. ಊಟಕ್ಕೆ ಮೊದಲು ಇದನ್ನು ಓದಬೇಡಿ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಣ್ಣ ಮಂಜಣ್ಣ ಮಸ್ಕತ್‌ನ ಕೆಲಸ ಬಿಟ್ಟು ಬಂದ. ಬರುವಾಗ ಒಂದು ಮೆಟಲ್ ಡಿಟೆಕ್ಟರ್ ತಂದಿದ್ದ. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಗಲದ ಬಳೆ, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್. ಅಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ರಜೆಯ ದಿನ ಮರಳಿನಲ್ಲಿ ಇದನ್ನು ಆಡಿಸುತ್ತ ತಿರುಗುತ್ತಿದ್ದನಂತೆ. ಅದನ್ನು ನೋಡಿ ನೋಡಿ ಇವನಿಗೂ ಹುಚ್ಚು ಹಿಡಿದಿತ್ತು. ನನಗೂ ಅಂಟಿಸಿದ.

ಶುರುವಿನಲ್ಲಿ ನಮಗೆ ಸಿಕ್ಕಿದ್ದು ಬರೀ ತಲೆನೋವು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಹಾಗಾಗಿ ಎಲ್ಲಿ ಹಿಡಿದರೂ ಯಂತ್ರ ಕೀರಲು ದನಿಯಲ್ಲಿ ಅರಚುತ್ತಿತ್ತು. ಯಂತ್ರದ ತಿರುಗುಗುಂಡಿಯನ್ನು ಎಷ್ಟು ಇಳಿಸಬೇಕು, ನೆಲಕ್ಕೆ ಎಷ್ಟು ಹತ್ತಿರ ಹಿಡಿಯಬೇಕು ಎಂದು ಕಲಿಯಲು ಒಂದು ಬೇಸಿಗೆಯೇ ಬೇಕಾಯಿತು. ಸೋಡಾ ಮುಚ್ಚಳ, ತಗಡಿನ ಚೂರು, ಎತ್ತಿನ ಲಾಳ, ಹಿಡಿ ಕಳೆದುಕೊಂಡ ಕತ್ತಿ ಇವೇ ನಮ್ಮ ಸಂಪತ್ತು. ಆದರೂ ಆ ಬೀಪ್ ಕೇಳಿದ ಕೂಡಲೇ ಎದೆ ಹಾರುತ್ತಿತ್ತು. ಮಣ್ಣನ್ನು ರೊಟ್ಟಿಯಂತೆ ದುಂಡಗೆ ಕೊಯ್ದು ಎತ್ತಿಟ್ಟು, ಹುಡುಕಿ, ಮತ್ತೆ ಮುಚ್ಚುವುದರಲ್ಲಿ ನಾನು ಅಣ್ಣನಿಗಿಂತ ಚುರುಕಾದೆ.

ಮಲ್ಲಂದೂರಿನ ಕಡೆ ನಮಗೆ ಪರಿಚಯದ ಗೌಡರೊಬ್ಬರ ಕಾಫಿ ಎಸ್ಟೇಟ್ ಇತ್ತು. ಮೇಲಿನ ಬ್ಲಾಕಿನ ಹಳೆಯ ಗಿಡಗಳನ್ನು ಕೀಳಿಸಿ ಹೊಸದು ಹಾಕುವ ತಯಾರಿಯಲ್ಲಿದ್ದರು. ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ಕೇಳಿದೆವು. ಗೌಡರು ನಕ್ಕು ಒಪ್ಪಿದರು.

"ಹುಡ್ಕಿ, ನಂದೇನೂ ಅಡ್ಡಿಯಿಲ್ಲ. ಆದ್ರೆ ನಿಧಿ ಗಿಧಿ ಅಂತ ಊರಲ್ಲಿ ಸುದ್ದಿ ಮಾಡ್ಬೇಡಿ ಮಾರಾಯ್ರೆ. ಆಮೇಲೆ ನನ್ ತೋಟ ಎಲ್ಲ ಹಂದಿ ಉತ್ತ ಹಾಗೆ ಮಾಡ್ತಾರೆ."

ಮಧ್ಯಾಹ್ನ, ಒಳ್ಳೆಯ ಬಿಸಿಲು. ಕಾಫಿಗೆ ನೆರಳಾಗಲೆಂದು ಬೆಳೆಸಿ ಈಗ ಕಡಿದುರುಳಿಸಿದ್ದ ಒಂದು ಸಿಲ್ವರ್ ಮರದ ಬುಡದಲ್ಲಿ ಯಂತ್ರ ಸ್ಪಷ್ಟವಾಗಿ ಕೂಗಿತು. ಅಗೆದಾಗ ತೊಡೆಗಾತ್ರದ ಒಂದು ಬೇರು ಸಿಕ್ಕಿತು. ಶಬ್ದ ಬರುತ್ತಿದ್ದುದು ಆ ಬೇರಿನೊಳಗಿಂದಲೇ. ಅಣ್ಣ ಗರಗಸ ತಂದು ಕೊಯ್ದ. ಮರ ಬೆಳೆಯುತ್ತ ಬೇರು ಸುತ್ತಲೂ ಹಬ್ಬಿ ಒಂದು ಹಿತ್ತಾಳೆ ಡಬ್ಬಿಯನ್ನು ನುಂಗಿಬಿಟ್ಟಿತ್ತು. ಅಂಗೈಯಗಲ, ಹಸಿರು ಕಿಲುಬು, ಬಿಗಿಯಾದ ಮುಚ್ಚಳ. ಕೂಗಿ ಗೌಡರನ್ನೂ ಕರೆದೆವು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಣ್ಣ ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿದ.

ಒಳಗೆ ಡಬ್ಬಿಯ ಅರ್ಧದವರೆಗೆ, ಜಗಿದು ಉಗಿದ ಎಲೆಯಡಿಕೆ ಇತ್ತು.

ಒಣಗಿದ್ದಲ್ಲ. ಕೆಂಪಗೆ, ಲೋಳೆಲೋಳೆಯಾಗಿ, ಮೇಲೆ ಎಂಜಲಿನ ನೊರೆ. ನಾವು ನೋಡುತ್ತಿದ್ದಂತೆ ನೊರೆಯ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಹೊಗೆಸೊಪ್ಪಿನ ವಾಸನೆ, ಅದರ ಜೊತೆ ಹಲ್ಲುಜ್ಜದ ಬಾಯಿಯ ವಾಸನೆ ಮುಖಕ್ಕೆ ಹೊಡೆಯಿತು. ನಾನು ಬೆಚ್ಚಿದ್ದರಿಂದ ಡಬ್ಬಿ ವಾಲಿ, ಒಂದಿಷ್ಟು ನನ್ನ ಮಣಿಕಟ್ಟಿನ ಮೇಲೆ ಹರಿಯಿತು. ಅದು ಬೆಚ್ಚಗಿತ್ತು. ಬಿಸಿಲಿಗೆ ಕಾದದ್ದಲ್ಲ, ಆಗಷ್ಟೇ ನೆಲದ ತಂಪಿನಿಂದ ತೆಗೆದಿದ್ದೆವು. ಹಿತ್ತಾಳೆ ನನ್ನ ಬೆರಳಿಗೆ ತಣ್ಣಗೇ ಇತ್ತು.

"ಮುಚ್ಚಮ್ಮ, ಮೊದ್ಲು ಅದನ್ನ ಮುಚ್ಚು!" ಎಂದರು ಗೌಡರು. ಅವರ ಮುಖ ಕಿವುಚಿಕೊಂಡಿತ್ತು. "ಆ ಮರ ನಮ್ಮಜ್ಜ ನೆಟ್ಟಿದ್ದು."

ಅಣ್ಣ ಮುಚ್ಚಳ ಒತ್ತಿ ಡಬ್ಬಿಯನ್ನು ಅದೇ ಗುಂಡಿಗೆ ಎಸೆದು ಮಣ್ಣೆಳೆದು, ಮೇಲೊಂದು ದೊಡ್ಡ ಕಲ್ಲು ಉರುಳಿಸಿದ. ನಾನು ಗೌಡರ ಮನೆಯ ನೀರಿನ ತೊಟ್ಟಿಯ ಬಳಿ ಕೂತು ಸೋಪಿನಲ್ಲಿ, ಆಮೇಲೆ ಬೂದಿಯಲ್ಲಿ, ಆಮೇಲೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿದೆ. ಚರ್ಮ ಉರಿಯತೊಡಗಿತು, ವಾಸನೆ ಹೋಗಲಿಲ್ಲ. ಆ ಕೈಯಲ್ಲಿ ಅನ್ನ ಕಲಸಲು ಆಗದೆ ಅವತ್ತು ಚಮಚದಲ್ಲಿ ತಿಂದೆ. ತಿಂದದ್ದೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಬಂದವನೇ, "ಯಾರೋ ಚೇಷ್ಟೆ ಮಾಡಿದ್ದು ಮಾರಾಯ್ತಿ. ಕೂಲಿಯವ್ರು ಯಾರಾದ್ರೂ ಇಟ್ಟಿರ್ಬೇಕು. ನಾನೊಂದ್ಸಲ ಸರಿಯಾಗಿ ನೋಡ್ತೀನಿ," ಎಂದ.

"ಬೇರನ್ನ ಗರಗಸದಲ್ಲಿ ಕೊಯ್ದಿದ್ದು ನೀನೇ ಅಲ್ವಾ?" ಎಂದೆ.

ಅವನು ಸಲಿಕೆ ಹೆಗಲಿಗೇರಿಸಿದ. ಬೇಡವೆಂದರೂ ಕೇಳುವವನಲ್ಲ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಕಲ್ಲು ಉರುಳಿಸಿದಲ್ಲೇ ಇತ್ತು. ಮಣ್ಣಿನ ಮೇಲೆ ನಮ್ಮದೇ ಕಾಲಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಅಣ್ಣ ಡಬ್ಬಿಯನ್ನು ಸಲಿಕೆಯಿಂದ ಎತ್ತಿ ನೆಲದ ಮೇಲಿಟ್ಟು, ಕೋಲಿನಿಂದ ಮುಚ್ಚಳ ತಳ್ಳಿದ. ನಿನ್ನೆ ಅರ್ಧವಿದ್ದದ್ದು ಇವತ್ತು ಕಂಠಮಟ್ಟ ತುಂಬಿತ್ತು. ಮುಚ್ಚಳ ಸರಿದ ಕೂಡಲೇ ಉಕ್ಕಿ ಅಂಚಿನಿಂದ ಇಳಿಯಿತು. ಮೇಲಿನ ಪದರದಲ್ಲಿ ಅಡಿಕೆಯ ಬಿಳಿ ಚೂರುಗಳು ಇನ್ನೂ ಪೂರ್ತಿ ನುರಿದಿರಲಿಲ್ಲ. ಜಗಿಯುತ್ತಿದ್ದವರು ಅವಸರದಲ್ಲಿ ಉಗಿದಂತಿತ್ತು.

ಅಣ್ಣ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ವಾಂತಿ ಮಾಡಿದ. ಮಸ್ಕತ್ತಿನಲ್ಲಿ ಚರಂಡಿ ಪೈಪುಗಳ ಕೆಲಸ ಮಾಡಿದವನು ಅವನು. ಯಾವುದಕ್ಕೂ ಮೂಗು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಬಾಯಿ ಒರೆಸಿಕೊಂಡು ನನ್ನನ್ನು ನೋಡಿ, "ಬಾಯೆಲ್ಲ ಹೊಗೆಸೊಪ್ಪಿನ ರುಚಿ ಕಣೇ," ಎಂದ. ಎಲೆಯಡಿಕೆಯನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ.

ಡಬ್ಬಿಯನ್ನು ಗುಂಡಿಗೇ ತಳ್ಳಿ ಗೌಡರಿಗೆ ಹೇಳಿದೆವು. ಅವರು ಅದಕ್ಕೆ ಜಲ್ಲಿ ಸಿಮೆಂಟು ಸುರಿಸಿ, ಸುತ್ತಲಿನ ಒಂದಷ್ಟು ಜಾಗದಲ್ಲಿ ಗಿಡ ಹಾಕಿಸುವುದನ್ನೇ ಬಿಟ್ಟರು. ಅಣ್ಣ ಯಂತ್ರವನ್ನು ಮಂಗಳೂರಿನ ಯಾರಿಗೋ ಕೊಟ್ಟುಬಿಟ್ಟ. ಆ ರುಚಿ ಅವನ ಬಾಯಿಂದ ಹೋಗಲು ಎಷ್ಟು ಕಾಲ ಬೇಕಾಯಿತೆಂದು ಅವನು ಹೇಳಿಲ್ಲ. ತುಂಬ ತೆಳ್ಳಗಾದ. ಮದುವೆಮನೆಗಳಲ್ಲಿ ಎಲೆಯಡಿಕೆಯ ತಟ್ಟೆ ಬಂದರೆ ಈಗಲೂ ಎದ್ದು ಹೊರಗೆ ಹೋಗುತ್ತಾನೆ.

ನನಗೆ ತಿಳಿದ ವಿಜ್ಞಾನವನ್ನೆಲ್ಲ ಇದರ ಮೇಲೆ ಹಾಕಿ ನೋಡಿದ್ದೇನೆ. ಕೆಂಪು ಬಣ್ಣಕ್ಕೆ ಬೇರಿನ ರಸ, ನೊರೆಗೆ ಯಾವುದೋ ಹುಳಿ, ವಾಸನೆಗೆ ಕೊಳೆತ ಎಲೆ ಎಂದು ಕಾರಣ ಕೊಡಬಹುದು. ಸಹೋದ್ಯೋಗಿಯೊಬ್ಬರು ಹಾಗೆ ಕೊಟ್ಟರು ಕೂಡ, ನಾನು ಹೌದೆಂದು ತಲೆಯಾಡಿಸಿದೆ. ಮಣಿಕಟ್ಟಿನ ಮೇಲೆ ಹರಿದದ್ದರ ಬಿಸಿಯ ವಿಷಯ ಅವರಿಗೆ ಹೇಳಲಿಲ್ಲ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡಾಗ ಅದರ ಜೊಲ್ಲು ಎಷ್ಟು ಬೆಚ್ಚಗಿರುತ್ತದೋ, ಅಷ್ಟೇ ಬೆಚ್ಚಗಿತ್ತು ಅದು.