ಡಿಕ್ಕಿಯಲ್ಲಿ ಮರೆತ ಹಲಸಿನ ಹಣ್ಣು

ಅಣ್ಣ ಹಳೆಯ ಕಾರೊಂದನ್ನು ಕೊಂಡು ತಂದ ವಾರ, ಗಡಿಯೂರು ತಿಗನಾರೆಯ ನಮ್ಮ ಜಗಲಿಯ ಮೇಲೆ ನಾಲ್ವರು ಕುಳಿತಿದ್ದೆವು: ಅವ್ವ, ಅಣ್ಣ, ಅಣ್ಣನ ಮಗಳು, ನಾನು. ಹುಡುಗಿ ತನ್ನ ತಮಿಳು ಪಾಠಪುಸ್ತಕ ನೋಡಿಕೊಂಡು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಮೆರಿಕದಲ್ಲಿ ಮೊದಮೊದಲು ಕಾರು ಉಳ್ಳವರ ಸೊತ್ತಂತೆ. ಆಮೇಲೆ ಅಗ್ಗವಾಗಿ ರೈತರ ಕೈಗೂ ಬಂತಂತೆ. ಎಷ್ಟೋ ಮನೆಗಳಿಗೆ ನಲ್ಲಿ ನೀರಿಗಿಂತ ಮುಂಚೆ ಕಾರೇ ಬಂತಂತೆ. ಒಂಟಿಮನೆಗಳ ಹೆಂಗಸರು ಪೇಟೆಗೆ, ನೆಂಟರ ಮನೆಗೆ ಹೋಗಿಬರುವಂತಾಯಿತಂತೆ.

"ನಮ್ಮಂಗೇಯ ಬುಡು," ಎಂದಳು ಅವ್ವ, ಬೀದಿ ನಲ್ಲಿಯ ಮುಂದೆ ಸಾಲುಗಟ್ಟಿದ್ದ ಕೊಡಗಳತ್ತ ನೋಡುತ್ತ. "ಓಗಿಬಂದ್ರು, ಸರಿ. ಓಗಿದ್ದೋರು ಅಲ್ಲಿ ಉಳ್ಕತಿದ್ರಾ? ಅದ ನೋಡೇಳು."

ಪುಸ್ತಕದಲ್ಲಿ ಅದಿರಲಿಲ್ಲ.

ಅವ್ವನ ಮನಸ್ಸು ಎಲ್ಲಿತ್ತೆಂದು ನಮಗೆ ಗೊತ್ತಿತ್ತು. ದೊಡ್ಡಗಾಜನೂರಿನಲ್ಲಿ ಅವಳ ಅಕ್ಕ, ನಮ್ಮ ದೊಡ್ಡಮ್ಮ, ಇದ್ದಳು. ಕಾಲು ಗಟ್ಟಿಯಿದ್ದಾಗ ಅವ್ವ ನಡೆದೇ ಹೋಗುತ್ತಿದ್ದಳು. ನಡೆದು ಬಂದವಳನ್ನು ಅದೇ ದಿನ ಕಳಿಸುವ ವಾಡಿಕೆ ನಮ್ಮ ಕಡೆ ಇಲ್ಲ. ಅಕ್ಕತಂಗಿಯರು ಒಂದೇ ಚಾಪೆಯಲ್ಲಿ ಮಲಗಿ ಎರಡು ದಿನಕ್ಕಾಗುವಷ್ಟು ಮಾತಾಡುತ್ತಿದ್ದರು. ಮಂಡಿ ಸೋತು, ಬಸ್ಸಿನ ಮೆಟ್ಟಿಲೂ ಹತ್ತಲಾಗದೆ, ಮುಖ ನೋಡಿ ಮೂರು ವರ್ಷವಾಗಿತ್ತು.

"ನಾಳೆ ಕರ್ಕೊಂಡೋಯ್ತಿನಿ ಕಣವ್ವ. ಐದು ಗಂಟೆಗೆಲ್ಲ ವಾಪಸ್ಸು," ಎಂದ ಅಣ್ಣ.

"ಇದೇನ್ಲಾ, ಒಲೆಗೆ ಕೆಂಡ ಈಸ್ಕಬರಕ್ಕೆ ಓಯ್ತಿದ್ದೀನಾ? ಅಕ್ಕನ ಮಗ್ಗುಲಲ್ಲಿ ಒಂದು ರಾತ್ರಿ ಮಲಗ್ದೆ ಬಂದ್ರೆ ಓಗಿದ್ದು ಲೆಕ್ಕಕ್ಕಿಲ್ಲ ಕಣ್ಲಾ."

"ಕಾರಿರೋವಾಗ ಉಳ್ಕಳದ್ಯಾಕವ್ವ?"

ಅವ್ವ ಮಾರನೆಯ ದಿನ ಒಂದು ಮಾಗಿದ ಹಲಸಿನ ಹಣ್ಣನ್ನು ಹಳೇ ಸೀರೆಯಲ್ಲಿ ಸುತ್ತಿ ಡಿಕ್ಕಿಗೆ ಹಾಕಿಸಿದಳು. ಅಕ್ಕನಿಗೆಂದೇ ಇಟ್ಟಿದ್ದ ಹಣ್ಣು. ಅವರಿಬ್ಬರ ಜೊತೆ ನಾನೂ ದೊಡ್ಡಗಾಜನೂರಿಗೆ ಹೊರಟೆ.

ಕಾರಿನಿಂದಿಳಿದ ತಂಗಿಯ ಎರಡೂ ಕೈ ಹಿಡಿದ ದೊಡ್ಡಮ್ಮ ಸಂಜೆಯವರೆಗೂ ಬಿಡಲಿಲ್ಲ. ನಾಲ್ಕು ಗಂಟೆಗೇ ಅಣ್ಣ ಹಾರನ್ ಒತ್ತತೊಡಗಿದ.

"ಯಾಕ್ಲಾ ಅಂಗೆ ಬಡ್ಕತೀಯೆ? ನಿಮ್ಮವ್ವ ಇನ್ನೂ ಎಲೆಅಡಿಕೆ ಆಕಿಲ್ಲ. ಇರ್ಲಾ, ಮುದ್ದೆಗೆ ಎಸರಿಟ್ಟಿವ್ನಿ," ಎಂದು ದೊಡ್ಡಮ್ಮ ಒಳಗಿನಿಂದಲೇ ಗದರಿದಳು.

ಮುದ್ದೆ ಉಂಡು ಏಳುವಷ್ಟರಲ್ಲಿ ಹೊತ್ತು ಮುಳುಗಿತು. ಬೈಕಿನವನೊಬ್ಬ ವಾಪಸ್ಸು ಬಂದು, ದಾರಿಯಲ್ಲಿ ಆನೆಗಳು ನಿಂತಿವೆ ಎಂದ. ಅಣ್ಣ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಅವ್ವ ಆಗಲೇ ಚಾಪೆ ಹಾಸುತ್ತಿದ್ದಳು.

ಬೆಳಿಗ್ಗೆ ನೋಡಿದರೆ ಡಿಕ್ಕಿಯ ಮುಚ್ಚಳ ಹಪ್ಪಳದಂತೆ ಸುರುಟಿತ್ತು. ಹಿಂದಿನ ಗಾಜಿಲ್ಲ, ದೀಪಗಳಿಲ್ಲ. ನೆಲದ ಮೇಲೆ ಆನೆ ಹೆಜ್ಜೆ, ಹಲಸಿನ ಸಿಪ್ಪೆ, ಅವ್ವನ ಸೀರೆ. ಹಲಸಿನ ಹಣ್ಣನ್ನು ಹೊರಗಿಡಬಾರದೆಂದು ಈ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಕ್ಕನ ಕೈ ಹಿಡಿದ ಖುಷಿಯಲ್ಲಿ ಅವ್ವ ಅದನ್ನು ಇಳಿಸುವುದನ್ನೇ ಮರೆತಿದ್ದಳು.

"ಅಯ್ಯೋ ಮಗ, ಮರ್ತೇ ಓಯ್ತಲ್ಲಾ," ಎಂದ ಅವ್ವನ ಮುಖ ಬಾಡಿತು. ಅಣ್ಣ ತಲೆ ಮೇಲೆ ಕೈ ಹೊತ್ತು ಕುಳಿತ.

"ಏಳ್ಲಾ. ನಿನ್ ಕಾರಾದ್ರೂ ಉಳ್ಕಂಡದೆ," ಎಂದಳು ದೊಡ್ಡಮ್ಮ. "ಆ ಆನೆ ನಂಗೆ ಒಂದು ತೊಳೆನಾದ್ರೂ ಮಡಗದಾ?"

ಮೊದಲು ನಕ್ಕಿದ್ದು ಅವ್ವ. ಆಮೇಲೆ ಅಣ್ಣನೂ.

ಕಾರನ್ನು ನೇರವಾಗಿ ತಾಳವಾಡಿಯ ಮೆಕ್ಯಾನಿಕ್ಕನ ಬಳಿಗೆ ಒಯ್ದೆವು. ಎಂಟು ದಿನ ಬೇಕೆಂದ. ಅವ್ವ ಅಕ್ಕನ ಮನೆಯಲ್ಲೇ ಉಳಿದಳು.

ಎಂಟನೆಯ ದಿನ ನಾನೂ ಅಣ್ಣನೂ ಕಾರು ತೆಗೆದುಕೊಂಡು ಹೋದೆವು. ಅವ್ವನನ್ನು ಹಿಡಿದು ಹತ್ತಿಸಿ, ಅಣ್ಣ ಬಾಗಿಲು ಹಾಕಿದ. ಅಷ್ಟರಲ್ಲಿ ಆಚೆ ಕಡೆಯ ಬಾಗಿಲಿನಿಂದ, ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ದೊಡ್ಡಮ್ಮ ಹತ್ತಿ ಕುಳಿತಿದ್ದಳು. ಹದಿನೈದು ದಿನ ನಮ್ಮ ಮನೆಯಲ್ಲಿದ್ದು ಹೋದಳು.