ಗಟ್ಟಿ ಮನುಷ್ಯನಿಗೆ ಗುಳಿಗೆ

ಅಫಜಲಪುರದ ಒಂದು ದವಾಖಾನೆಯಲ್ಲಿ ಇನ್ವರ್ಟರ್ ರಿಪೇರಿ ಮುಗಿಸಿ ಹೊರಟಿದ್ದೆ. ಬಾಗಿಲ ಬಳಿ ಕುಳಿತಿದ್ದ ಕರಜಗಿಯ ಅಜ್ಜಿಯೊಬ್ಬಳು ನನ್ನ ಕೈ ಹಿಡಿದಳು.

"ತಮ್ಮಾ, ನಿನಗೇನರ ರೋಗ ಅದೇನು?"

"ಇಲ್ರಿ ಯವ್ವಾ, ಗಟ್ಟಿ ಇದ್ದೇನಿ."

"ಹಂಗಾದ್ರ ಮೊದಲ ನೀ ಒಳಗ ಹೋಗು. ನಿನಗ ಏನೂ ಇಲ್ಲ ಅಂದ್ರ ಡಾಕ್ಟರ್ ಖರೇ. ಗುಳಗಿ ಬರದ್ರ ನಾ ಎದ್ದು ಬಸ್ ಹಿಡೀತೇನಿ."

ಮೊಣಕಾಲು ಬಾತು ಅವಳಿಗೆ ಕೋಲಿಲ್ಲದೆ ನಿಲ್ಲಲೂ ಆಗುತ್ತಿರಲಿಲ್ಲ. ಕನಿಕರಪಟ್ಟು ಒಳಗೆ ಹೋದೆ. ಡಾಕ್ಟರು ಬಿಪಿ ನೋಡಿದರು, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ತಂದೆ ತಾಯಿಗೆ ಬಿಪಿ ಇತ್ತೇ ಎಂದು ವಿಚಾರಿಸಿದರು. ಕಡೆಗೆ ಗುಳಿಗೆ ಬರೆದರು.

ಚೀಟಿ ಕಂಡದ್ದೇ ಅಜ್ಜಿ ಕೋಲು ಊರಿ ಎದ್ದಳು. "ಗಟ್ಟಿ ಮನಷ್ಯಾಗ ಗುಳಗಿ! ಇಂವ ಸುಳ್ಳ ಡಾಕ್ಟರ್."

"ಯವ್ವಾ, ನನಗ ಖರೇನೆ ಬಿಪಿ ಅದರಿ!"

"ಯಾರ ಹೇಳ್ಯಾರ?"

"ಡಾಕ್ಟರ್ ಹೇಳ್ಯಾರ."

"ಅಂವ ಸುಳ್ಳ ಅಂತ ಈಗಷ್ಟ ಹೇಳೀನಲ್ಲೋ!"

ನನ್ನ ಸಹನೆ ಕೆಟ್ಟಿತು. ಕುಳಿತ ರೋಗಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಒದರಿಬಿಟ್ಟೆ. ಅಜ್ಜಿ ನನ್ನ ಕೆಂಪಾದ ಮುಖವನ್ನೇ ದಿಟ್ಟಿಸಿ, "ಬಿಪಿ ಖರೇನೆ ಅದ ಬಿಡು" ಎಂದು ಒಳಗೆ ನಡೆದಳು.

ನಾನು ಅಂದಿನಿಂದ ದಿನಾ ಗುಳಿಗೆ ನುಂಗುತ್ತಿದ್ದೇನೆ. ಸುದ್ದಿ ಕೇಳಿ ಹೆಂಡತಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ.