ನಾನು ಆರಿಸಿದ ಗ್ರಾಫಿಕ್ಸ್ ಕಾರ್ಡ್

ಡಿಗ್ರಿ ಮುಗಿಸಿದ ಮೇಲೆ ನಾನು ಗುಂಡ್ಲುಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳಿಕೊಡುತ್ತಿದ್ದೆ. ಕೇಂದ್ರವಿದ್ದದ್ದು ಕೇರಳದವರೊಬ್ಬರ ಬೇಕರಿಯ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಟೈಪಿಂಗ್, ಮಧ್ಯಾಹ್ನ ಲೆಕ್ಕಪತ್ರದ ಸಾಫ್ಟ್‌ವೇರ್. ಸಂಜೆ ಐದಕ್ಕೆ ಹುಡುಗರೆಲ್ಲ ಊರಿನ ಬಸ್ಸು ಹಿಡಿದು ಹೋದ ಮೇಲೆ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನ ಮುಂದೆ ಕೂತು ನಾನು ಕಾರ್ ರೇಸ್ ಆಡುತ್ತಿದ್ದೆ. ಅದೊಂದರಲ್ಲಿ ಮಾತ್ರ ಆಟದ ಚಿತ್ರ ಓಡಿಸುವ ಸುಮಾರಾದ ಗ್ರಾಫಿಕ್ಸ್ ಕಾರ್ಡ್ ಇತ್ತು. ಮಳೆ ಬಿದ್ದ ರಸ್ತೆಯ ಮೇಲೆ ದೀಪಗಳು ಹೊಳೆಯುವುದನ್ನು ನೋಡುತ್ತಾ ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಇಪ್ಪತ್ಮೂರು ವರ್ಷದ ಹೆಣ್ಣುಮಗಳಿಗೆ ಇದೆಂಥ ಹುಚ್ಚು ಎಂದು ಕೇಳುವವರು ಇರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬ ಅಣ್ಣನಿಗೆ ಮಾತ್ರ.

ಅಣ್ಣ ಅಂದರೆ ಚಂದಕವಾಡಿಯ ನಮ್ಮ ದೊಡ್ಡಪ್ಪನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು. ಚಾಮರಾಜನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಅವನದು. ನಾನು ಪಿಯುಸಿಯಲ್ಲಿದ್ದಾಗ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಒಂದು ಕೆಟ್ಟ ಕಂಪ್ಯೂಟರನ್ನು ಬಿಚ್ಚಿಸಿ, ಮತ್ತೆ ಜೋಡಿಸು ಎಂದವನು ಅವನೇ. ನಾನು ಎರಡು ಸ್ಕ್ರೂ ಉಳಿಸಿಕೊಂಡು ಕೂತಿದ್ದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ನನ್ನದೇ ಒಂದು ಕಂಪ್ಯೂಟರ್ ಬೇಕು, ಅದೂ ಆಟ ಆಡುವಂಥದ್ದು ಬೇಕು ಅಂದಾಗಲೂ ಅವನು ನಗಲಿಲ್ಲ. "ಎಷ್ಟದೆ ನಿನ್ತಾವ?" ಅಂದ. ಒಂದೂವರೆ ವರ್ಷದ ಸಂಬಳದಲ್ಲಿ ಉಳಿಸಿದ್ದು ಇಪ್ಪತ್ತೆರಡು ಸಾವಿರ ಇದೆ ಅಂದೆ. "ಅಷ್ಟರಲ್ಲಿ ಆಯ್ತದೆ. ಆದ್ರೆ ಒಂದೊಂದ್ನೂ ತೂಗಿ ತೂಗಿ ತಕಬೇಕು" ಅಂದ.

ಅಲ್ಲಿಂದ ಶುರುವಾಯಿತು ನಮ್ಮ ಪಟ್ಟಿ. ಭಾನುವಾರ ಅಂಗಡಿ ಅರ್ಧ ದಿನ. ನಾನು ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗುತ್ತಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಡಬ್ಬಗಳ ಮೇಲೆ ಕೂತು ಇಬ್ಬರೂ ಜಗಳಾಡುತ್ತಿದ್ದೆವು. ನನ್ನ ವಾದ ಒಂದೇ: ಪ್ರೊಸೆಸರ್ ಕಡಿಮೆಯದಾದರೂ ಸರಿ, ಗ್ರಾಫಿಕ್ಸ್ ಕಾರ್ಡ್ ಒಳ್ಳೆಯದಿರಬೇಕು. ಅಣ್ಣ ಉಲ್ಟಾ ಹೇಳುತ್ತಿದ್ದ. ಆಮೇಲೆ ಮದರ್‌ಬೋರ್ಡಿನ ರಗಳೆ. ಆಗ ಅದರ ಮೇಲೆ ಕಾರ್ಡ್ ಕೂರಿಸುವ ಹಳೆಯ ಸ್ಲಾಟ್ ಹೋಗಿ ಹೊಸದು ಬರುತ್ತಿತ್ತು. ಹಳೆಯದು ಅಗ್ಗ. ಆದರೆ ಎರಡು ವರ್ಷಕ್ಕೆ ಅದಕ್ಕೆ ಕಾರ್ಡೇ ಸಿಗುವುದಿಲ್ಲ ಎಂದು ನಾನು ಕಂಪ್ಯೂಟರ್ ಪತ್ರಿಕೆಗಳನ್ನೆಲ್ಲ ಓದಿ ಹೇಳಿದೆ. ಅವನು ತಲೆ ಕೆರೆದುಕೊಂಡು ಒಪ್ಪಿದ. ಎಲ್‌ಸಿಡಿ ಮಾನಿಟರಿನ ಆಸೆ ಬಿಟ್ಟು ದಪ್ಪನೆಯ ಹಳೇ ಥರದ ಮಾನಿಟರಿಗೆ ಇಳಿದೆ. ಪಟ್ಟಿಯಿಂದ ಸ್ಪೀಕರ್ ಹೊಡೆದುಹಾಕಿದೆವು, ಮನೆಯ ಟೇಪ್‌ರೆಕಾರ್ಡರಿಗೇ ವೈರ್ ಎಳೆದುಕೊಳ್ಳುವುದು ಅಂತ. ಫ್ಲಾಪಿ ಡ್ರೈವ್ ಬೇಡ ಅಂದಾಗ ಅವನು, "ಫ್ಲಾಪಿನೇ ಇಲ್ದ ಕಂಪ್ಯೂಟ್ರಾ? ಮೂಗಿಲ್ದ ಮುಖ ಇದ್ದಂಗಾಯ್ತದೆ ಕಣಮ್ಮಿ" ಅಂದ. ಗುಂಡ್ಲುಪೇಟೆಯ ಕರೆಂಟಿಗೆ ಯುಪಿಎಸ್ ಇಲ್ಲದೆ ಆಗುತ್ತಿರಲಿಲ್ಲ. ಆ ಯುಪಿಎಸ್ಸಿನ ಬೆಲೆ ನನ್ನ ಅರ್ಧ ರ‍್ಯಾಮನ್ನು ತಿಂದುಹಾಕಿತು. ಎಷ್ಟು ಸಲ ಹೊಡೆದು ಬರೆದೆವೋ, ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ತೂತು ಬಿದ್ದಿದ್ದವು. ಕೊನೆಯವರೆಗೂ ಅಲುಗಾಡದೆ ಉಳಿದದ್ದು ಆ ಗ್ರಾಫಿಕ್ಸ್ ಕಾರ್ಡ್ ಒಂದೇ.

ಅದನ್ನು ನಾನೇ ಕೈಯಾರೆ ಕೊಳ್ಳಬೇಕು ಅಂದೆ. ಚಾಮರಾಜನಗರದಿಂದ ಇಬ್ಬರೂ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋದೆವು. ಅಲ್ಲಿಯ ಅಂಗಡಿಯವನು ನನ್ನ ಕಡೆ ತಿರುಗಿಯೂ ನೋಡದೆ ಎಲ್ಲವನ್ನೂ ಅಣ್ಣನಿಗೆ ಹೇಳುತ್ತಿದ್ದ. "ಸಾರ್, ಇದು ತಗೊಳಿ ಸಾರ್, ಮೇಡಂಗೆ ಇದು ಸಾಕು" ಅಂದ. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು ನಿಂತ. "ಅವಳ್ನೇ ಕೇಳಿ. ಕಂಪ್ಯೂಟ್ರು ಅವಳ್ದು. ನಂಗಿಂತ ಅವಳ್ಗೇ ಚೆನ್ನಾಗಿ ಗೊತ್ತು" ಅಂದ. ನನ್ನ ಜೀವನದಲ್ಲಿ ಅದುವರೆಗೆ ಯಾರೂ ನನ್ನ ಬಗ್ಗೆ ಹಾಗೆ ಹೊರಗಿನವರ ಮುಂದೆ ಹೇಳಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ನಂಜನಗೂಡು ದಾಟಿದ ಮೇಲೆ ಅಣ್ಣ, "ಸೀರಿಯಲ್ ನಂಬರ್ ಬರ್ಕೊ. ನಾಳೆ ಏನಾರ ಆದ್ರೆ ಗ್ಯಾರಂಟಿಗೆ ಬೇಕಾಯ್ತದೆ" ಅಂದ. ಪಟ್ಟಿಯ ಪಕ್ಕದಲ್ಲೇ ಬರೆದುಕೊಂಡೆ.

ಜೋಡಿಸುವಾಗ ಪಕ್ಕದಲ್ಲಿ ಕೂರಬೇಕು ಎಂದು ನನಗೆ ತುಂಬ ಆಸೆಯಿತ್ತು. ಆದರೆ ಆ ವಾರ ನಮ್ಮ ಕೇಂದ್ರದಲ್ಲಿ ಪರೀಕ್ಷೆ. ಅಣ್ಣ ಅಂಗಡಿಯಲ್ಲೇ ಜೋಡಿಸಿ, ಬಸ್ಸಿನಲ್ಲಿ ಡ್ರೈವರ್ ಪಕ್ಕದ ಜಾಗದಲ್ಲಿ ಇಟ್ಟುಕೊಂಡು ತಂದ. ಅಪ್ಪ ಅರಣ್ಯ ಇಲಾಖೆಯಲ್ಲಿದ್ದರು, ಬಂಡೀಪುರದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಅಂದು ಮನೆಯಲ್ಲಿದ್ದದ್ದು ನಾನು, ಅವ್ವ ಇಬ್ಬರೇ. ಅವ್ವ ಮಾನಿಟರಿಗೆ ಕುಂಕುಮ ಇಟ್ಟಳು. ಅಣ್ಣ ಆನ್ ಮಾಡಿದ. ನಾನು ಆಟದ ಸಿಡಿ ಹಾಕಿದೆ.

ಆಟ ಬಂತು. ಆದರೆ ಓಡಲಿಲ್ಲ, ಕುಂಟಿತು. ಕಾರು ತಿರುವಿಗೆ ಬಂದರೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಮಳೆಯ ರಸ್ತೆಯಂತೂ ಹರಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಕೇಂದ್ರದ ಹಳೇ ಕಂಪ್ಯೂಟರೇ ಇದಕ್ಕಿಂತ ವಾಸಿ. ಅಣ್ಣನ ಮುಖ ನೋಡಿದೆ. "ಕಾರ್ಡಿನ ಡ್ರೈವರ್ ಸಾಫ್ಟ್‌ವೇರು ಸರಿಯಾಗಿ ಕೂತಿಲ್ಲ ಕಣಮ್ಮಿ, ಹೊಸ ಸಿಡಿ ತಂದ್ಕೊಡ್ತೀನಿ ಬುಡು" ಅಂದು ಕಾಫಿ ಕುಡಿದು ಹೋದ.

ಸಿಡಿ ಬಂತು, ಸರಿಹೋಗಲಿಲ್ಲ. ಕಾರ್ಡಿನ ಮೆಮೊರಿ ಎಷ್ಟಿದೆ ಎಂದು ನೋಡಿದರೆ ಇರಬೇಕಾದದ್ದರ ಅರ್ಧ ತೋರಿಸುತ್ತಿತ್ತು. ಫೋನ್ ಮಾಡಿ ಕೇಳಿದೆ. "ಆ ಮದರ್‌ಬೋರ್ಡು ಅಂಗೇ ತೋರ್ಸೋದು" ಅಂದ. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹೇಳಿದ್ದು ಅಣ್ಣ, ಅದಕ್ಕೇ ನಂಬಿದೆ. ಆಮೇಲೊಂದು ದಿನ ಅವನೇ ನಿಧಾನವಾಗಿ ಹೇಳಿದ: "ನೀನು ಹಟ ಮಾಡಿ ಆ ಬೋರ್ಡು ತಕಂಡೆ. ಅದುಕ್ಕೂ ಈ ಕಾರ್ಡ್ಗೂ ಹೊಂದ್ತಾ ಇಲ್ಲವೇನೋ. ಪವರೂ ಸಾಲ್ತಿಲ್ಲವೇನೋ." ನಾನು ಎರಡು ತಿಂಗಳ ಸಂಬಳದಲ್ಲಿ ಉಳಿಸಿ ದೊಡ್ಡ ಪವರ್ ಸಪ್ಲೈ ಹಾಕಿಸಿದೆ. ಅವನೇ ಬಂದು ಹಾಕಿದ. ಏನೂ ಬದಲಾಗಲಿಲ್ಲ.

ಆ ಎಂಟು ತಿಂಗಳು ನನಗೆ ಆದದ್ದನ್ನು ಹೇಗೆ ಹೇಳುವುದು? ಆಟ ಹೋದರೆ ಹೋಗಲಿ. ನನ್ನ ಮೇಲೆ ನನಗಿದ್ದ ಧೈರ್ಯವೇ ಹೋಯಿತು. ಪಟ್ಟಿಯನ್ನು ತೆಗೆದು ಮತ್ತೆ ಮತ್ತೆ ಓದುತ್ತಿದ್ದೆ, ಎಲ್ಲಿ ತಪ್ಪಿದೆ ಅಂತ. ತರಗತಿಯಲ್ಲಿ ಯಾರಾದರೂ, "ಮಿಸ್, ಮನೆಗೆ ಕಂಪ್ಯೂಟರ್ ತಗೋಬೇಕು, ಯಾವುದು ತಗೊಳ್ಳಲಿ?" ಅಂತ ಕೇಳಿದರೆ, "ನನಗೆ ಅದೆಲ್ಲ ಗೊತ್ತಿಲ್ಲ" ಅಂದುಬಿಡುತ್ತಿದ್ದೆ. ಮೈಸೂರಿನ ಅಂಗಡಿಯವನು 'ಮೇಡಂಗೆ ಇದು ಸಾಕು' ಅಂದದ್ದೇ ಸರಿಯಿತ್ತೇನೋ ಅನ್ನಿಸುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು, "ಹೋಗ್ಲಿ ಬುಡಮ್ಮಿ, ಟೈಪ್ ಮಾಡಕ್ಕೆ ಆಯ್ತದಲ್ಲ" ಅನ್ನುತ್ತಿದ್ದಳು.

ಬೇಸಿಗೆಯಲ್ಲಿ ಫ್ಯಾನಿನ ಸದ್ದು ಜೋರಾಯಿತು. ಎದುರು ಮನೆಯವರು ಗೋಡೆ ಒಡೆಸುತ್ತಿದ್ದರಿಂದ ಧೂಳು. ಒಂದು ಭಾನುವಾರ ಪೇಂಟ್ ಬ್ರಶ್ ತಗೊಂಡು ಕ್ಯಾಬಿನೆಟ್ ಬಿಚ್ಚಿ ಒರೆಸಲು ಕೂತೆ. ಗ್ರಾಫಿಕ್ಸ್ ಕಾರ್ಡನ್ನು ಹೊರಗೆ ತೆಗೆದೆ. ಫ್ಯಾನಿನ ಮೇಲೆ ನಾನು ಕೊಂಡ ಕಾರ್ಡಿನದೇ ಚಿತ್ರ, ಅದೇ ಹೆಸರು. ಹಿಂದೆ ತಿರುಗಿಸಿ ಧೂಳು ಊದಿದೆ. ಬಿಳಿ ಚೀಟಿಯಲ್ಲಿ ಸೀರಿಯಲ್ ನಂಬರ್ ಇತ್ತು. ಯಾಕೋ ನೋಟ್‌ಬುಕ್ ತಂದು ನೋಡಿದೆ. ಒಂದಂಕಿಯೂ ಹೊಂದಲಿಲ್ಲ. ಇನ್ನೊಮ್ಮೆ ನೋಡಿದೆ. ಆಮೇಲೆ ಫ್ಯಾನಿನ ಸ್ಕ್ರೂಗಳನ್ನು ನೋಡಿದೆ. ನಾಲ್ಕೂ ತಲೆ ಸವೆದಿದ್ದವು. ಯಾರೋ ಬಿಚ್ಚಿ ಹಾಕಿದ್ದರು. ಆ ಫ್ಯಾನಿನ ಕೆಳಗಿದ್ದದ್ದು ಬೇರೆ ಕಾರ್ಡು, ಹೊಸ ಸ್ಲಾಟಿಗೇ ಕೂರುವಂಥದ್ದು, ಆದರೆ ಅಗ್ಗದ್ದು, ನಮ್ಮ ಕೇಂದ್ರದಲ್ಲಿದ್ದದ್ದಕ್ಕಿಂತಲೂ ಕೆಳಗಿನದು.

ನಾನು ಅಳಲಿಲ್ಲ. ಕಾರ್ಡನ್ನು ಹಳೇ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಪರವಾಗಿಯೇ ಯೋಚಿಸುತ್ತಿದ್ದೆ. ಅಂಗಡಿಯ ಮಾಲೀಕ ಮಾಡಿರಬಹುದು, ಅಣ್ಣನಿಗೆ ಗೊತ್ತೇ ಇರಲಿಕ್ಕಿಲ್ಲ, ಗೊತ್ತಾದರೆ ಅವನು ಮಾಲೀಕನ ಜೊತೆ ಹೊಡೆದಾಡುತ್ತಾನೆ.

ಹಿಂದಿನ ಕೋಣೆಯಲ್ಲಿ ಅಣ್ಣ ಒಬ್ಬನೇ ಬೆಸುಗೆ ಹಾಕುತ್ತಾ ಕೂತಿದ್ದ. ಟವಲು ಬಿಚ್ಚಿ ಕಾರ್ಡನ್ನು ಅವನ ಮುಂದೆ ಇಟ್ಟೆ. ಅವನು ಅದನ್ನು ನೋಡಲೇ ಇಲ್ಲ. ಎದ್ದು ಹೋಗಿ ಮುಂದಿನ ಬಾಗಿಲು ಮುಚ್ಚಿ ಬಂದ. ಆಗಲೇ ನನಗೆ ಎಲ್ಲ ತಿಳಿಯಿತು.

"ನೀನೇ ಮಾಡಿದ್ಯಾ?" ಅಂದೆ.

"ಮೆತ್ತಗೆ ಮಾತಾಡು ಕಣಮ್ಮಿ."

"ನೀನೇ ಮಾಡಿದ್ಯಾ ಅಣ್ಣ?"

ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿ ಹೇಳಿದ. ಅದೇ ವಾರ ಊರಿನ ಒಬ್ಬ ಅರಿಶಿನದ ವ್ಯಾಪಾರಿಯ ಮಗನಿಗೂ ಒಂದು ಕಂಪ್ಯೂಟರ್ ಜೋಡಿಸಬೇಕಿತ್ತು. ಏನು ಹಾಕಲಿ ಎಂದು ಅವರು ಕೇಳಿದಾಗ ಅಣ್ಣ ನನ್ನ ಪಟ್ಟಿಯನ್ನೇ ಬರೆದುಕೊಟ್ಟಿದ್ದ. ಅದೇ ಬೋರ್ಡ್, ಅದೇ ಕಾರ್ಡ್. ಜೋಡಿಸುವಾಗ ಒಳಗೆ ಒಂದು ಸ್ಕ್ರೂ ಬಿದ್ದದ್ದನ್ನು ನೋಡದೆ ಕರೆಂಟು ಕೊಟ್ಟ. ಅವರ ಕಾರ್ಡ್ ಸುಟ್ಟುಹೋಯಿತು. ಮಾಲೀಕ ವ್ಯಾಪಾರಿಯ ನೆಂಟ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ನನ್ನ ಕಾರ್ಡ್ ಪಕ್ಕದಲ್ಲೇ ಇತ್ತು.

"ಅದ್ನ ಅವ್ರಿಗೆ ಹಾಕ್ಬುಟ್ಟೆ. ನಿಂದ್ಕೆ ಅಂಗಡಿಲಿದ್ದ ಅಗ್ಗದ್ದು. ಸುಟ್ಟೋಗಿದ್ದರ ಫ್ಯಾನ್ ಬಿಚ್ಚಿ ಅದ್ರ ಮೇಲೆ ಕೂರ್ಸ್ದೆ. ಎರಡು ತಿಂಗ್ಳಲ್ಲಿ ಹೊಸದು ತಂದು ಬದಲಾಯ್ಸನ ಅಂದ್ಕಂಡಿದ್ದೆ. ಆಗ್ಲಿಲ್ಲ."

"ನಂಗೆ ಒಂದ್ಮಾತು ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನೇ ಕೊಡ್ತಿದ್ದೆ, ತಗೊ ಅಂತ."

"ನಮ್ಮವಳಲ್ವಾ, ಗೊತ್ತಾದ್ರೂ ಸುಮ್ನಿರ್ತೀಯ ಅಂತ..." ಅಂದ.

ನನಗೆ ಕಾರ್ಡ್ ಮರೆತೇಹೋಗಿತ್ತು. "ಬೋರ್ಡ್ ಹೊಂದಲ್ಲ ಅಂದ್ಯಲ್ಲ, ಹಟ ಮಾಡಿ ತಗೊಂಡೆ ಅಂದ್ಯಲ್ಲ. ನಾನು ಆರಿಸಿದ್ದು ಸರಿ ಇತ್ತಾ ಇಲ್ವಾ, ಅದೊಂದು ಹೇಳು" ಅಂದೆ.

ಅವನು ತಲೆ ಬಗ್ಗಿಸಿದ. "ಸರೀಗಿತ್ತು ಕಣಮ್ಮಿ. ಅವ್ರ ಮನೇಲಿ ಭಾಳ ಚೆನ್ನಾಗಿ ಓಡ್ತಾ ಅದೆ."

ಚೀಲ ತೆಗೆದುಕೊಂಡು ಎದ್ದೆ. ಬಾಗಿಲ ಹತ್ತಿರ ಅವನು ಹಿಂದಿನಿಂದ ಕರೆದು ಹೇಳಿದ: "ಚಿಕ್ಕವ್ವಂಗೆ ಅವತ್ತೇ ಯೋಳಿದ್ದೆ ನಾನು. ಅವಳೇ ಯೋಳ್ಬ್ಯಾಡ ಅಂದ್ಲು." ತನ್ನ ತಪ್ಪು ಅರ್ಧ ಕಡಿಮೆಯಾಗಲಿ ಎಂದು ಹೇಳಿದನೋ ಏನೋ. ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಚಿಕ್ಕವ್ವ ಅಂದರೆ ನನ್ನ ಅವ್ವ.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಅವನ ಕೆಲ್ಸ ಓಗ್ತಿತ್ತು. ನಿಮ್ಮ ದೊಡ್ಡಪ್ಪನ ಮನೇಲಿ ಸಂಬಳ ತರೋನು ಅವನೊಬ್ನೇ. ಒಂದು ಆಟದ ಸಾಮಾನ್ಗೆ ರಂಪ ಮಾಡದಾ?"

"ಎಂಟು ತಿಂಗಳು ನಾನು ಒದ್ದಾಡಿದ್ದು ನೀನು ನೋಡ್ಲಿಲ್ವಾ ಅವ್ವ? ನಾನೇ ತಪ್ಪು ಮಾಡಿದೆ ಅಂತ ಕೂತಿದ್ದೆ. ಇನ್ನೊಂದು ಸಾಮಾನೂ ತಂದು ಹಾಕ್ಸಿದೆ, ನೀನು ನೋಡ್ತಾ ನಿಂತಿದ್ದೆ."

ಅವ್ವ ಆಗ ಮುಖ ಎತ್ತಿದಳು. ಅವಳ ಕಣ್ಣಲ್ಲಿ ಕಳ್ಳತನ ಇರಲಿಲ್ಲ, ನಿಜವಾದ ಆಶ್ಚರ್ಯ ಇತ್ತು. "ನೀನು ಅಷ್ಟು ಓದ್ದೋಳು. ನಿಂಗೆ ಗೊತ್ತಾಗದೆ ಇರ್ತದಾ? ಗೊತ್ತಾಗೇ ಸುಮ್ನಿದ್ದೀಯ ಅಂದ್ಕಂಡಿದ್ದೆ ಕಣಮ್ಮಿ. ನಾವೆಲ್ಲ ಇರಲ್ವಾ ಅಂಗೆ."

ಒಳಗೆ ಹೋಗಿ ಬಿಚ್ಚಿಟ್ಟಿದ್ದ ಕ್ಯಾಬಿನೆಟ್ಟನ್ನು ಮುಚ್ಚಿದೆ.

ಮಾಲೀಕನಿಗೆ ನಾನು ಹೇಳಲಿಲ್ಲ. ಹೇಳಬೇಕು ಎಂದು ಎರಡು ಸಲ ಹೊರಟು ಬಸ್ ನಿಲ್ದಾಣದಿಂದ ವಾಪಸು ಬಂದೆ. ಅಣ್ಣ ಅಂದುಕೊಂಡ ಹಾಗೆಯೇ, ಅವ್ವ ಅಂದುಕೊಂಡ ಹಾಗೆಯೇ ನಾನು ನಡೆದುಕೊಂಡೆ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ. ಅಣ್ಣನ ಜೊತೆ ಮಾತು ಬಿಟ್ಟೆ. ಭಾನುವಾರದ ಬಸ್ಸು ಬಿಟ್ಟೆ. ಹಬ್ಬಕ್ಕೆ ಚಂದಕವಾಡಿಗೆ ಹೋದಾಗ ಅವನು ಪಡಸಾಲೆಗೆ ಬಂದರೆ ನಾನು ಅಡಿಗೆಮನೆಗೆ ಎದ್ದು ಹೋಗುತ್ತಿದ್ದೆ. ದೊಡ್ಡಪ್ಪನಿಗೆ ಕಾರಣ ಗೊತ್ತಿರಲಿಲ್ಲ. "ಓದಿದ ಸೊಕ್ಕು" ಅಂದರಂತೆ. ಯಾರೂ ಅವರನ್ನು ತಿದ್ದಲಿಲ್ಲ.

ಒಂದೂವರೆ ವರ್ಷದ ಮೇಲೆ ಅಣ್ಣ ಹೇಳದೆ ಕೇಳದೆ ಮನೆಗೆ ಬಂದ. ಕೈಯಲ್ಲಿ ಹೊಸ ಕಾರ್ಡಿನ ಡಬ್ಬ, ಸೀಲ್ ಒಡೆಯದ್ದು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ನಾನು ಕೈ ಚಾಚಿ ಡಬ್ಬ ತೆಗೆದುಕೊಂಡೆ, ಸ್ಕ್ರೂಡ್ರೈವರನ್ನೂ ತೆಗೆದುಕೊಂಡೆ. "ನಾನೇ ಹಾಕ್ಕೋತೀನಿ" ಅಂದು ಕೋಣೆಯ ಬಾಗಿಲು ಹಾಕಿದೆ. ಆಚೆ ಅವ್ವ ಅವನಿಗೆ ಊಟ ಬಡಿಸುವ ಸದ್ದು ಕೇಳುತ್ತಿತ್ತು. ಮುದ್ದೆ ಇನ್ನೊಂದು ಹಾಕ್ಕೊ ಅನ್ನುತ್ತಿದ್ದಳು.

ಆಟ ಓಡಿತು. ಎಲ್ಲೂ ನಿಲ್ಲಲಿಲ್ಲ, ತಡವರಿಸಲಿಲ್ಲ. ಹತ್ತು ನಿಮಿಷ ಆಡಿದೆ. ಬೆರಳುಗಳು ಆಡುತ್ತಿದ್ದವು, ನಾನು ಆಡುತ್ತಿರಲಿಲ್ಲ. ಬಂದ್ ಮಾಡಿ ಹೊರಗೆ ಬಂದೆ. ಅಣ್ಣ ಕೈ ತೊಳೆದುಕೊಂಡು ಜಗಲಿಯಲ್ಲಿ ನಿಂತಿದ್ದ. "ಎಂಗದೆ?" ಅಂದ. "ಚೆನ್ನಾಗದೆ" ಅಂದೆ. ಒಂದೂವರೆ ವರ್ಷದಲ್ಲಿ ನಾನು ಅವನ ಮಾತಿಗೆ ಕೊಟ್ಟ ಮೊದಲ ಉತ್ತರ ಅದು.

ಈಗ ಅವನಿಗೆ ಚಾಮರಾಜನಗರದಲ್ಲಿ ಸ್ವಂತ ಅಂಗಡಿ ಇದೆ. ಮಾತಾಡುತ್ತೇವೆ, ಮದುವೆ ಮುಂಜಿಗಳಲ್ಲಿ ಪಕ್ಕ ಪಕ್ಕ ಕೂತು ಉಣ್ಣುತ್ತೇವೆ. ಅವನು ಹೆದರಿದ್ದ, ಹೆದರಿ ಮಾಡಿದ. ಅಷ್ಟನ್ನು ನಾನು ಒಪ್ಪಿಕೊಂಡಿದ್ದೇನೆ. ಅವ್ವನದು ಮಾತ್ರ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಆಮೇಲೆ ಮೈಸೂರಿನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ನಾನು ಅವಳಿಗೆ ಹೇಳಲಿಲ್ಲ, ಸಂದರ್ಶನಕ್ಕೆ ಹೋದದ್ದನ್ನೂ ಹೇಳಲಿಲ್ಲ. ಕೆಲಸ ಸಿಕ್ಕಿ ಬಟ್ಟೆ ಜೋಡಿಸಿಕೊಳ್ಳುವಾಗ ಹೇಳಿದೆ. "ನಂಗೊಂದು ಮಾತು ಯೋಳ್ಬಾರ್ದಾಗಿತ್ತಾ?" ಅಂದಳು. ನಾನು ಸೀರೆ ಮಡಿಸುತ್ತಲೇ ಇದ್ದೆ.